ಮಾವನನ್ನು ಯಾರೂ ಎತ್ತಬಾರದು

ಕುರ್ಚಿಯಿಂದ ಏಳಲಾಗದೆ ನಾನು ಇಡೀ ತರಗತಿಯ ಮುಂದೆ ನಗೆಪಾಟಲಾದದ್ದು ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ. ಮದುವೆಯಾಗಿ ಹುಣಸೂರು ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಗೆ ಸೊಸೆಯಾಗಿ ಬಂದ ಮೇಲೆ, ಊಟ ಬಿಟ್ಟು ಹಟ ಮಾಡಿ ಸೇರಿಕೊಂಡ ಕಾಲೇಜು ಅದು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮೈಸೂರಿಗೆ ಹೋಗಿ ಸಂಜೆ ವಾಪಸ್ಸಾಗುತ್ತಿದ್ದೆ. ತರಗತಿಯಲ್ಲಿ ನನಗಿಂತ ವಯಸ್ಸಾದವರು ಇಬ್ಬರೇ: ಪಾಠ ಮಾಡುವ ಮೇಡಂ, ಮತ್ತು ಮೂಲೆಯಲ್ಲಿ ನೇತು ಹಾಕಿದ್ದ ಅಸ್ಥಿಪಂಜರ.

ಅವತ್ತು ಭೌತಶಾಸ್ತ್ರದ ಮೊದಲ ಪಾಠ. ಚಲನೆ, ಬಲ, ಸಂವೇಗ ಎಂದು ಹಲಗೆಯ ಮೇಲೆ ಬರೆದಿದ್ದರು. ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಓದಿ ಮರೆತ ಪದಗಳು. "ಸೂಜಿ ಚುಚ್ಚೋರಿಗೆ ಇದೆಲ್ಲ ಯಾಕೆ ಮೇಡಂ?" ಎಂದು ಕೇಳಿಬಿಟ್ಟೆ. ನನ್ನ ಬಾಯಿ ಅಂಥದ್ದು. ಮೇಡಂ ಸಿಟ್ಟಾಗಲಿಲ್ಲ. ನನ್ನನ್ನು ಮುಂದೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಬೆನ್ನು ನೇರ ಇಟ್ಟುಕೊಳ್ಳಿ, ಪಾದ ಎರಡೂ ಮುಂದಕ್ಕೆ ಚಾಚಿ, ಈಗ ಒಂದಿಷ್ಟೂ ಬಾಗದೆ ಎದ್ದು ನಿಲ್ಲಿ ಅಂದರು.

ಏಳಲಾಗಲಿಲ್ಲ. ಇನ್ನೊಮ್ಮೆ ಮುಕ್ಕಿರಿದೆ. ಕುರ್ಚಿ ಕಿರ್ ಅಂದಿತೇ ವಿನಾ ನಾನು ಅಲ್ಲಾಡಲಿಲ್ಲ. ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತವರು ಎಚ್.ಡಿ. ಕೋಟೆಯ ಅಂತರಸಂತೆ ಕಡೆ. ಕಾಕನಕೋಟೆ ಕಾಡಿನ ಅಂಚಿನಲ್ಲಿ, ಆನೆ ರಸ್ತೆ ಬಿಡುವವರೆಗೂ ಕಾದು ನಿಂತು ಶಾಲೆಗೆ ಹೋದವಳು ನಾನು. ಯಕಶ್ಚಿತ್ ಒಂದು ಪ್ಲಾಸ್ಟಿಕ್ ಕುರ್ಚಿ ನನ್ನನ್ನು ಹಿಡಿದು ಕೂರಿಸುವುದೇ? ಮೂರನೇ ಸಲವೂ ಪ್ರಯತ್ನ ಮಾಡಿದೆ. ಆಗಲಿಲ್ಲ.

"ಇದು ಶಕ್ತಿಯ ಮಾತಲ್ಲಮ್ಮ," ಅಂದರು ಮೇಡಂ. ನಮ್ಮ ಮೈಯ ಭಾರವೆಲ್ಲ ಒಂದು ಕಡೆ ಸೇರಿದೆ ಎಂದುಕೊಂಡರೆ ಆ ಜಾಗವೇ ಗುರುತ್ವ ಕೇಂದ್ರ. ಕೂತಾಗ ಅದು ಕುರ್ಚಿಯ ಮೇಲಿರುತ್ತದೆ. ಪಾದದ ಮೇಲೆ ಅದನ್ನು ತಾರದೆ ಯಾರೂ ಎದ್ದು ನಿಲ್ಲಲಾರರು, ಪೈಲ್ವಾನನೂ ಅಷ್ಟೆ. ಅವರು ಹೇಳಿದ ಹಾಗೆ ನಾನು ಪಾದ ಹಿಂದಕ್ಕೆಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿದೆ. ಸಲೀಸಾಗಿ ಎದ್ದೆ. ಹುಟ್ಟಿದಾಗಿನಿಂದ ಹಾಗೇ ಎದ್ದಿದ್ದೇನೆ, ಆದರೆ ಹೇಗೆ ಏಳುತ್ತೇನೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಆ ಪಾಠ ಆದ ಸ್ವಲ್ಪ ದಿನಕ್ಕೆ ನಮ್ಮ ಮಾವನಿಗೆ ಲಕ್ವ ಹೊಡೆಯಿತು.

ಸೊಪ್ಪು ಬೇಯಿಸಿ ಮುಗಿದು, ಮನೆ ತುಂಬ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವ ಗ್ರೇಡಿಂಗ್ ನಡೆಯುತ್ತಿದ್ದ ಕಾಲ. ಮಾವ ಎಲೆಯ ಬಣ್ಣ ನೋಡುತ್ತಾ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆಯಿಂದ ವಾಪಸ್ಸು ಬಂದಾಗ ಎಡಗೈ ಸೋತಿತ್ತು, ಎಡಗಾಲಿನಲ್ಲಿ ಅರ್ಧ ಬಲ ಉಳಿದಿತ್ತು, ಮಾತು ತೊದಲುತ್ತಿತ್ತು. ಮಲಗಿಸಿಯೇ ಬಿಟ್ಟರೆ ಮೂಲೆ ಹಿಡಿಯುತ್ತಾರೆ, ದಿನಾ ಎಬ್ಬಿಸಿ ನಿಲ್ಲಿಸಿ ಎಂದು ಅಲ್ಲಿ ಹೇಳಿ ಕಳಿಸಿದ್ದರು.

ನಿಲ್ಲಿಸುವವರು ಯಾರು? ನನ್ನ ಗಂಡ ಮತ್ತು ಅವನ ಅಣ್ಣ, ಅಂದರೆ ನಮ್ಮ ಭಾವ. ಇಬ್ಬರೂ ಗಟ್ಟಿ ಆಳುಗಳು. ಹರಾಜಿಗೆ ಹೋಗುವ ಸೊಪ್ಪಿನ ಬೇಲನ್ನು, ಅಂದರೆ ಬಿಗಿದು ಕಟ್ಟಿದ ದೊಡ್ಡ ಮೂಟೆಯನ್ನು, ಗೂಡ್ಸ್ ಆಟೋಗೆ ಹೇರುವುದರಲ್ಲಿ ಊರಿಗೇ ಹೆಸರಾದವರು. ಒಬ್ಬ ಈ ತುದಿ, ಒಬ್ಬ ಆ ತುದಿ ಹಿಡಿದು, "ಐಸಾ" ಎಂದು ತೊಟ್ಟಿಲಿನ ಹಾಗೆ ತೂಗಿ, ಬೇಲ್‌ಗೆ ಓಟ ಬಂದ ಕೂಡಲೇ ಬಿಟ್ಟರೆ ಅದು ತಾನೇ ಹಾರಿ ಆಟೋ ಒಳಗೆ ಬೀಳುತ್ತದೆ. ಅವರು ಅಪ್ಪನನ್ನೂ ಎತ್ತಿದ್ದು ಹಾಗೇ. ಒಬ್ಬ ಕಂಕುಳಿಗೆ ಕೈ ಹಾಕಿ, ಒಬ್ಬ ಕೈ ಹಿಡಿದು, "ಐಸಾ". ಮಾವ ಗಾಳಿಯಲ್ಲಿ ಎದ್ದು, ನೆಲಕ್ಕೆ ಕಾಲು ತಾಗಿಯೂ ತಾಗದ ಹಾಗೆ ನೇತಾಡಿ, ದೊಪ್ಪನೆ ಮಂಚಕ್ಕೆ ಬೀಳುತ್ತಿದ್ದರು. "ಅಪ್ಪನ್ನ ನಿಲ್ಸಿದ್ವು" ಎಂದು ಬೆವರು ಒರೆಸಿಕೊಂಡು ಅಣ್ಣತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ನಿಂತಿದ್ದೆಲ್ಲಿ? ನನಗೆ ಹಲಗೆಯ ಮೇಲಿನ ಪಾಠ ನೆನಪಾಗುತ್ತಿತ್ತು. ಭಾರವೂ ವೇಗವೂ ಸೇರಿದ್ದು ಸಂವೇಗ. ಓಡುವ ವಸ್ತುವನ್ನು ಯಾವುದಾದರೂ ತಡೆದು ನಿಲ್ಲಿಸಲೇಬೇಕು. ಬೇಲನ್ನು ಆಟೋದ ತಳ ತಡೆಯುತ್ತದೆ, ಬೇಲ್‌ಗೆ ನೋವಿಲ್ಲ. ನಮ್ಮ ಮಾವನನ್ನು ತಡೆಯುತ್ತಿದ್ದದ್ದು ಅವರ ಸೋತ ಎಡ ಭುಜ. ಅದು ಆಗಲೇ ಇಳಿಬಿದ್ದು ಊದಿಕೊಂಡಿತ್ತು. ರಾತ್ರಿ ಊಟಕ್ಕೆ ಬಲಗೈ ಚಾಚಿದರೂ ಎಡ ಭುಜದ ನೋವಿಗೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ಗುರುವಾರ ಭಾವ ತೀರ್ಮಾನ ಹೇಳಿದರು. ನಮ್ಮ ಮನೆಯಲ್ಲಿ ಭಾವ ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ರೂಢಿಯಿಲ್ಲ. ನಾನು ಎದುರಿಗೇ ನಿಂತಿದ್ದರೂ ನನ್ನ ಗಂಡನ ಮುಖ ನೋಡಿಕೊಂಡು ಹೇಳಿದರು. "ನಾವು ಎಷ್ಟ್ ದಿನ ಕೆಲ್ಸ ಬುಟ್ಟು ಅಪ್ಪನ್ನ ಎತ್ಕಂಡ್ ಕುಂತಿರದು? ಅವ್ವನ ಕೈಲಿ ಆಗಕಿಲ್ಲ. ಸ್ವಾಮಾರದಿಂದ ನಿನ್ನೆಂಡ್ತಿ ಮನೇಲಿರ್ಲಿ. ಬಸ್ಸು ಹೆಂಗಸ್ರಿಗೆ ಫ್ರೀ ಅದೆ ಅಂತ ಕಾಲೇಜಿಗೆ ತಿರುಗಿದ್ದು ಸಾಕು."

ಅಣ್ಣನ ಮುಂದೆ ನನ್ನ ಗಂಡನ ಬಾಯಿಗೆ ಯಾವತ್ತೂ ಬೀಗ.

ನಾನು ರೂಢಿ ಮುರಿದು ಭಾವನಿಗೇ ನೇರ ಹೇಳಿದೆ. "ನಾನ್ ಕಾಲೇಜ್ ಬಿಡಲ್ಲ ಭಾವ. ಮಾವನ್ನ ಎತ್ತೋಕೆ ಯಾರೂ ಬೇಕಾಗಿಲ್ಲ. ಅತ್ತೆ ಒಬ್ಬರೇ ಎಬ್ಬಿಸ್ತಾರೆ. ಸೋಮವಾರದೊಳಗೆ ತೋರಿಸ್ತೀನಿ."

ಮನೆಯಲ್ಲಿ ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಕಡ್ಡಿಯಂಥ ಹೆಂಗಸು, ಮಾವನ ಭುಜಕ್ಕೂ ಬರುವುದಿಲ್ಲ. ಭಾವ ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ. ಒಳಗಿಂದ ಕುರ್ಚಿ ತಂದು ಅವರ ಮುಂದೆ ಕುಕ್ಕಿದೆ. "ಕೂತ್ಕೊಳ್ಳಿ ಭಾವ. ಬೆನ್ನು ನೆಟ್ಟಗೆ. ಕಾಲು ಮುಂದಕ್ಕೆ. ಬಾಗದೆ ಎದ್ದುಬಿಡಿ, ನಾಳೆಯಿಂದಲೇ ಮನೇಲಿರ್ತೀನಿ."

ಇದೇನು ಮಹಾ ಎಂಬಂತೆ ಕೂತರು. ಏಳಲಿಲ್ಲ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. "ಯಾವ ಕುರ್ಚಿಲಾ ಇದು?" ಎಂದು ತಮ್ಮನನ್ನು ಗದರಿದರು. ಆಗ ಮಂಚದ ಕಡೆಯಿಂದ ಒಂದು ಸದ್ದು ಬಂತು. ಮಾವ ನಗುತ್ತಿದ್ದರು. ಅರ್ಧ ಮುಖದಲ್ಲೇ, ಆದರೆ ಹೊಟ್ಟೆ ಕುಣಿಯುವ ಹಾಗೆ. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ನಗು.

"ನೀವು ಮಾವನನ್ನ ಎಬ್ಬಿಸ್ತಿರೋದು ಹೀಗೇ," ಅಂದೆ. "ಕಾಲು ಮುಂದೆ ಬಿಟ್ಟು, ಬೆನ್ನು ನೆಟ್ಟಗಿಟ್ಟು ಎಳೆದರೆ ಯಾರೂ ಏಳಲ್ಲ."

ಭಾವ ಕುರ್ಚಿ ಒದ್ದು ಹೋದರು. ಆದರೆ ಸೋಮವಾರದ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ.

ಮಾರನೇ ದಿನ ಸಂಜೆ ಬಸ್ಸಿಳಿದು ಬಂದವಳೇ ಶುರು ಮಾಡಿದೆ. ಮಾವನ ಮಂಚ ತಗ್ಗಿತ್ತು. ಸೊಂಟ ಮಂಡಿಗಿಂತ ಕೆಳಗಿದ್ದರೆ ಏಳಲು ಹೆಚ್ಚು ಬಲ ಬೇಕು. ಗಂಡನಿಗೆ ಹೇಳಿ ಮಂಚದ ಕಾಲುಗಳಿಗೆ ಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲಿ ಬಿದ್ದಿದ್ದ ಇಟ್ಟಿಗೆ ಕೊಡಿಸಿದೆ. ಅಲ್ಲಾಡದ ಹಾಗೆ ಅವನೇ ಕೂತು ನೋಡಿ ಭದ್ರ ಮಾಡಿದ. ಅಣ್ಣನ ಮುಂದೆ ಬಾಯಿ ಬಿಡದಿದ್ದರೂ ಅಷ್ಟು ಮಾಡಿದನಲ್ಲ ಎನಿಸಿತು. ಚಳಿಗೆಂದು ಅತ್ತೆ ಹಾಕಿದ್ದ ಕಾಲುಚೀಲ ಬಿಚ್ಚಿಸಿದೆ. ಸಿಮೆಂಟ್ ನೆಲಕ್ಕೆ ಬರಿಗಾಲೇ ಸರಿ, ಘರ್ಷಣೆ ಇಲ್ಲದಿದ್ದರೆ ಪಾದ ಜಾರುತ್ತದೆ. ಮಾವ ಹೊಲದಲ್ಲಿ ಕಟ್ಟುತ್ತಿದ್ದ ದಪ್ಪ ಟವೆಲನ್ನು ಅವರ ಸೊಂಟಕ್ಕೆ ಬಿಗಿದೆ. ಹಿಡಿಯುವುದಿದ್ದರೆ ಅದನ್ನು ಹಿಡಿಯಬೇಕು, ಭುಜವನ್ನಲ್ಲ.

ಎಲ್ಲ ಸಿದ್ಧವಾಯಿತು. ನಾನು ಎದುರು ನಿಂತು, ಅವರ ಸೋತ ಮಂಡಿಗೆ ನನ್ನ ಮಂಡಿ ಆನಿಸಿ, "ಮಾವ, ಮುಂದಕ್ಕೆ ಬಾಗಿ, ನನ್ನ ಭುಜದ ಕಡೆ" ಅಂದೆ.

ಮಾವ ಹಿಂದಕ್ಕೆ ವಾಲಿದರು.

ಹೆದರಿಕೆ ಇರಬೇಕು ಅಂದುಕೊಂಡೆ. ಮತ್ತೆ ಹೇಳಿದೆ. ಮತ್ತೆ ಹಿಂದಕ್ಕೆ. ಶನಿವಾರವೂ ಅಷ್ಟೆ. ನಾನು ಒಂದು ಹೆಜ್ಜೆ ಹತ್ತಿರ ಹೋದರೆ ಅವರ ತಲೆ ಗೋಡೆಯ ಕಡೆ ಹೋಗುತ್ತಿತ್ತು. ಆಗ ನನಗೆ ಅರ್ಥವಾಯಿತು. ನಾನು ಸೊಸೆ. ಮಾವನ ಎದುರು ಚಾಪೆಯ ಮೇಲೂ ಕೂರದ ಮನೆ ಇದು. ಅವರು ಊಟ ಮಾಡುವಾಗ ತಟ್ಟೆ ಇಟ್ಟು ಸರಿದು ನಿಲ್ಲುತ್ತೇನೆ. ಇಂಥವರು ಸೊಸೆಯ ಭುಜದ ಕಡೆ ತಲೆ ಹೇಗೆ ಬಾಗಿಸುತ್ತಾರೆ? ಏಳಬೇಕಾದರೆ ಮುಂದೆ ಬರಬೇಕು, ಮರ್ಯಾದೆ ಹಿಂದಕ್ಕೆ ಎಳೆಯುತ್ತಿದೆ. ಮೇಡಂ ಹಲಗೆಯ ಮೇಲೆ ಬರೆದ ಬಲಗಳಲ್ಲಿ ಇದೊಂದು ಇರಲಿಲ್ಲ.

"ಮಾವ, ನಾನು ಸೊಸೆ ಅಲ್ಲ, ನರ್ಸ್ ಅಂದುಕೊಳ್ಳಿ," ಅಂದೆ.

"ಎಂಗ್ ಅನ್ಕಳದವ್ವ," ಎಂದು ತೊದಲಿದರು. "ಸೊಸೆ ಸೊಸೇನೇ ಕಣವ್ವ. ಬುಡು."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವರ ಮೇಲಲ್ಲ. ಮನುಷ್ಯ ಮೂಲೆ ಹಿಡಿದರೂ ಪರವಾಗಿಲ್ಲ, ಹೆಂಗಸು ಓದು ಬಿಟ್ಟರೂ ಪರವಾಗಿಲ್ಲ, ಸೊಸೆ ಮಾತ್ರ ದೂರ ನಿಂತಿರಬೇಕು ಎನ್ನುವ ಆ ಲೆಕ್ಕಾಚಾರದ ಮೇಲೆ. ಹಾಗಂತ ಮೂಲೆಯಲ್ಲಿ ಕೂತು ಅಳುವ ಪೈಕಿ ನಾನಲ್ಲ. ಭಾನುವಾರ ಬೆಳಿಗ್ಗೆ ಅತ್ತೆಯನ್ನು ಅಡುಗೆಮನೆಯಿಂದ ಎಳೆದು ತಂದೆ. ನಾನು ಮಾವನ ಹಾಗೆ ಕೂತು, ಅವರ ಕೈಗೆ ಟವೆಲ್ ಕೊಟ್ಟು ಎಬ್ಬಿಸುವುದನ್ನು ಕಲಿಸಿದೆ. ಅತ್ತೆಗೆ ಕೈ ಬೇಗ ಕುದುರಿತು. "ಇಷ್ಟೇಯಾ? ನಾನೇನೂ ಎತ್ತೇ ಇಲ್ವಲ್ಲ, ನೀನೇ ಎದ್ದೆ!" ಅಂದರು.

"ಎತ್ತಲೇಬಾರದು ಅತ್ತೆ. ಅವರು ನೆಲವನ್ನ ಒತ್ತಬೇಕು, ನೆಲ ಅವರನ್ನ ಮೇಲಕ್ಕೆ ಒತ್ತುತ್ತೆ. ನೀವು ದಾರಿ ತೋರಿಸಿದರೆ ಸಾಕು."

ಆದರೆ ಮಾವನ ಎದುರು ನಿಲ್ಲುವಾಗ ಅತ್ತೆ ಕಲ್ಲಾದರು. ಮಂಚ ಇದ್ದದ್ದು ಜಗಲಿಯಲ್ಲಿ. ಅಂಗಳದಲ್ಲಿ ಗಂಡುಮಕ್ಕಳಿಬ್ಬರೂ ಬೇಲು ಕಟ್ಟುತ್ತಿದ್ದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ನಾಲ್ಕು ಜನರ ಎದುರು ಕೈ ಹಿಡಿದದ್ದನ್ನು ಯಾರೂ ಕಂಡಿಲ್ಲ.

"ಎಲ್ಲಾರೂ ನೋಡ್ತಾವ್ರಲ್ಲ," ಎಂದು ಅತ್ತೆ ಸಣ್ಣಗೆ ಅಂದರು.

ಅಷ್ಟರಲ್ಲಿ ಭಾವ ಕೈ ಒರೆಸಿಕೊಂಡು ಬಂದರು. "ಇದೆಲ್ಲ ಆಗದ ಓಗದ ಕೆಲ್ಸ. ಇಡ್ಕಳಲಾ ಆ ಕಡೆ," ಎಂದು ತಮ್ಮನನ್ನು ಕರೆದು, ಅಪ್ಪನ ಎಡ ಕಂಕುಳಿಗೆ ಕೈ ಹಾಕಿದರು. ಮಾವ ನೋವಿಗೆ ಕಿರುಚಿಕೊಂಡರು.

ಅತ್ತೆಗೆ ಏನಾಯಿತೋ ಏನೋ. ಹಿರಿಮಗನ ಕೈ ಮೇಲೆ ಛಟೀರ್ ಎಂದು ಒಂದು ಕೊಟ್ಟರು. "ತಗೀಲಾ ಕೈಯ! ನಿಮ್ಮಪ್ಪ ಏನ್ ಸೊಪ್ಪಿನ್ ಬೇಲಾ? ನನ್ ಗಂಡನ್ನ ನಾನ್ ಇಡ್ಕತೀನಿ, ಯಾರ್ ನೋಡ್ಕತಾರೋ ನೋಡ್ಕಳ್ಲಿ!"

ಎದುರು ನಿಂತು, ಮಂಡಿಗೆ ಮಂಡಿ ಕೊಟ್ಟು, ಎರಡೂ ಕೈಯಲ್ಲಿ ಟವೆಲ್ ಹಿಡಿದು, "ಬನ್ನಿ ಇತ್ಲಾಗೆ" ಅಂದರು. ಮಾವ ಬಾಗಿದರು. ಹೆಂಡತಿಯ ಭುಜಕ್ಕೆ ಗಲ್ಲ ತಾಗುವಷ್ಟು, ನಾನು ಎರಡು ದಿನದಿಂದ ಬೇಡಿಕೊಂಡಷ್ಟು. ಸೊಂಟ ಮಂಚ ಬಿಟ್ಟಿತು. ಕಾಲು ನಡುಗಿತು. ಅರ್ಧ ಎದ್ದು, ಮತ್ತೆ ಮೆಲ್ಲಗೆ ಕೂತರು. ದೊಪ್ಪನೆ ಬೀಳಲಿಲ್ಲ. ಮಕ್ಕಳಿಬ್ಬರೂ ಅಂಗಳದ ಕಡೆ ಮುಖ ತಿರುಗಿಸಿಕೊಂಡಿದ್ದರು.

ಅರ್ಧ ಎದ್ದದ್ದು ಎದ್ದ ಹಾಗಲ್ಲ. ಭಾವ ಅದನ್ನು ಸಂಜೆ ಗಂಡನಿಗೆ ಹೇಳಿಯೂ ಹೇಳಿದರು.

ಸೋಮವಾರ ಬೆಳಿಗ್ಗೆ ಯೂನಿಫಾರ್ಮ್ ತೊಟ್ಟು, ಬ್ಯಾಗು ಹೆಗಲಿಗೇರಿಸಿ ಜಗಲಿಗೆ ಬಂದೆ. ಏನಾದರಾಗಲಿ, ಮೆಟ್ಟಿಲು ಇಳಿಯುವುದೇ ಎಂದು ತೀರ್ಮಾನಿಸಿದ್ದೆ. ಭಾವ ಜಗಲಿಯ ಮೆಟ್ಟಿಲಿಗೆ ಅಡ್ಡಲಾಗಿ ನಿಂತು ಗಂಡನನ್ನು ಕೇಳಿದರು, "ಎಲ್ಲಿಗ್ಲಾ ಹೊರಟವ್ಳೆ ಇವ್ಳು?"

ಗಂಡ ಬಾಯಿ ತೆರೆದ. "ಕಾಲೇಜಿಗೆ ಕಣಣ್ಣ," ಅಂದ. ದನಿ ಸಣ್ಣದಾಗಿತ್ತು, ಆದರೂ ಅಂದ.

ಭಾವ ಅಲ್ಲಾಡಲಿಲ್ಲ. ಆಗ ಮಂಚದಿಂದ ಮಾವ ಅತ್ತೆಯನ್ನು ಕೂಗಿದರು. ಮಕ್ಕಳನ್ನಲ್ಲ, ನನ್ನನ್ನಲ್ಲ. ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಎದುರು ನಿಂತು ಟವೆಲ್ ಹಿಡಿದರು. ಮಾವ ಬಲಗೈಯಿಂದ ಎಡಗಾಲನ್ನು ತಾವೇ ಹಿಂದಕ್ಕೆ ಎಳೆದು ಇಟ್ಟುಕೊಂಡರು. ಮುಂದಕ್ಕೆ ತೂಗಿದರು, ಹಿಂದಕ್ಕೆ ಬಂದರು, ಮತ್ತೆ ಮುಂದಕ್ಕೆ ತೂಗಿದರು. ಆ ತೂಗಾಟದ ಓಟವನ್ನೇ ಹಿಡಿದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುತ್ತಿದ್ದಂತೆ ನೆಲ ಒತ್ತಿ ಎದ್ದುಬಿಟ್ಟರು. ಪೂರ್ತಿ. ಅತ್ತೆಯ ತಲೆ ಅವರ ಎದೆಯ ಮಟ್ಟಕ್ಕೆ ಇಳಿಯಿತು. ನಮ್ಮ ಮಾವ ಇಷ್ಟು ಎತ್ತರ ಎಂಬುದನ್ನು ನಾವೆಲ್ಲ ಮರೆತಿದ್ದೆವು.

ಭಾವ ಓಡಿ ಬಂದು ಕೈ ಚಾಚಿದರು.

"ಮುಟ್‌ಬ್ಯಾಡ ಕಣ್ಲಾ," ಅಂದರು ಮಾವ. ತೊದಲು ಮಾತೇ, ಆದರೆ ಮನೆ ಯಜಮಾನನ ದನಿ. ಆಮೇಲೆ, ನಾನು ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ, ನನ್ನ ಮುಖವನ್ನೇ ನೇರ ನೋಡಿದರು. "ನೀನ್ಯಾಕವ್ವ ಇನ್ನೂ ನಿಂತಿದ್ದೀಯೆ? ಬಸ್ ಒಂಟೋಯ್ತದೆ. ಓಗು."

ಮೆಟ್ಟಿಲ ಮೇಲೆ ಈಗ ಯಾರೂ ಇರಲಿಲ್ಲ. ಮೈಸೂರು ರಸ್ತೆಯವರೆಗೂ ಓಡಿದೆ. ಮಾವ ಮತ್ತೆ ಹೇಗೆ ಕೂತರು ಎಂದು ತಿರುಗಿ ನೋಡಲಿಲ್ಲ. ಕೂರಿಸುವುದೂ ಅತ್ತೆಗೆ ಗೊತ್ತಿತ್ತು.