ಭಾವನ ಎಡ ಮೊಣಕಾಲು

ನನ್ನ ಭಾವ ಫುಟ್‌ಬಾಲ್ ಆಡಿಯೇ ಸಂಸಾರ ಸಾಗಿಸಿದವರು ಎಂದ ತಕ್ಷಣ ಜನ ಕೇಳುವುದು, ಎಷ್ಟು ಗೋಲು ಹೊಡೆದಿದ್ದಾರೆ ಎಂದು. ನನಗೆ ಮೈಯೆಲ್ಲ ಉರಿಯುತ್ತದೆ. ಅವರು ರಕ್ಷಣಾ ಆಟಗಾರ. ಬೇರೆಯವರು ಗೋಲು ಹೊಡೆಯದ ಹಾಗೆ ನೋಡಿಕೊಳ್ಳುವುದೇ ಅವರ ಕೆಲಸ. ಗ್ಯಾಲರಿಯವರು ಪ್ರೀತಿಯಿಂದ 'ಚಿಲಕ' ಎಂದು ಕರೆಯುತ್ತಿದ್ದರು. ಎದುರು ತಂಡದವರು ಕರೆಯುತ್ತಿದ್ದುದನ್ನು ಇಲ್ಲಿ ಬರೆಯುವಂತಿಲ್ಲ.

ದೊಡ್ಡ ಕ್ಲಬ್ ಯಾವುದೂ ಅವರನ್ನು ಕರೆಯಲಿಲ್ಲ. ಸಣ್ಣ ಕ್ಲಬ್ ಯಾವುದೂ ಹೆಚ್ಚು ಕಾಲ ಇಟ್ಟುಕೊಳ್ಳಲಿಲ್ಲ. ಒಂದು ಊರಲ್ಲಿ ಹಾಲಿನವನ ಪರಿಚಯವಾಗುವಷ್ಟರಲ್ಲಿ ಇನ್ನೊಂದು ಊರಿಗೆ ಗಂಟುಮೂಟೆ. ಕಿಟಕಿಗೆ ಪರದೆ ಹೊಲಿಸುವುದನ್ನೇ ಅಕ್ಕ ಬಿಟ್ಟುಬಿಟ್ಟಿದ್ದಳು. ಮುಂದಿನ ಮನೆಯ ಕಿಟಕಿಗೆ ಅಳತೆ ಕೂಡುತ್ತಿರಲಿಲ್ಲ.

ಕೊನೆಕೊನೆಗೆ ಎಡ ಮೊಣಕಾಲು ಕೈಕೊಟ್ಟಿತು. ಮನೆಯಲ್ಲಿ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಮೈದಾನದಲ್ಲಿ ಮಾತ್ರ ಪಟ್ಟಿ ಕಟ್ಟುತ್ತಿದ್ದುದು ಬಲಗಾಲಿಗೆ. ಅದು ಆ ಕಸುಬಿನ ಉಪಾಯ: ಪಟ್ಟಿ ಕಂಡ ಕಡೆಗೇ ಎದುರಾಳಿ ಒದೆಯುತ್ತಾನೆ, ಹಾಗಾಗಿ ಗಟ್ಟಿ ಕಾಲಿಗೆ ಕಟ್ಟಬೇಕು. ಕೋಚ್ ಎದುರಿಗಂತೂ ನೋವು ಎನ್ನುವ ಹಾಗೇ ಇಲ್ಲ. ಎಂದವನು ಬೆಂಚಿನ ಮೇಲೆ ಕೂರುತ್ತಾನೆ, ಮತ್ತೆ ಏಳುವುದಿಲ್ಲ.

ಈ ವರ್ಷ ಭಾವನೇ ಆಟ ಸಾಕು ಎಂದರು. ನನ್ನ ಡ್ರೈವಿಂಗ್ ಸ್ಕೂಲಿನಲ್ಲಿ ಸಿಗ್ನಲ್ ಪಾಠ ಹೇಳಿಕೊಡಲು ಅವರಿಗೊಂದು ಕುರ್ಚಿ ಹಾಕಿಸಿದೆ. ಆದರೆ ಕ್ಲಬ್ಬಿನ ಒಪ್ಪಂದದಲ್ಲೊಂದು ಕೊಕ್ಕೆ ಇತ್ತು. ಆಟದ ಋತು ಮುಗಿದಾಗ ಡಾಕ್ಟರು ಆಡಲು ಯೋಗ್ಯ ಎಂದರೆ ಕ್ಲಬ್ಬು ಇನ್ನೆರಡು ವರ್ಷ ಹಿಡಿದಿಟ್ಟುಕೊಳ್ಳಬಹುದು, ಆಟಗಾರನನ್ನು ಕೇಳಬೇಕಾಗಿಲ್ಲ. ಯೋಗ್ಯನಲ್ಲ ಎಂದರೆ ಅಂದೇ ಬಿಡುಗಡೆ.

"ನಾಟಕ ಏನೂ ಬೇಡ ರೀ. ಇರೋದನ್ನ ಹೇಳಿದ್ರೆ ಸಾಕು," ಎಂದಳು ಅಕ್ಕ.

ಪರೀಕ್ಷೆಯ ದಿನ ಅಕ್ಕ ಕಾರಿನಲ್ಲೇ ಕುಳಿತಳು, ನಾನು ಭಾವನ ಜೊತೆ ಕ್ಲಬ್ಬಿನೊಳಗೆ ಹೋದೆ. ಬಟ್ಟೆ ಬದಲಿಸುವ ಕೋಣೆಯ ಹಿಂದೆ, ಮುಲಾಮಿನ ವಾಸನೆಯ ಸಣ್ಣ ಕೋಣೆ. ಮೂಲೆಯಲ್ಲಿ ಮ್ಯಾನೇಜರು ಮೊಬೈಲ್ ನೋಡುತ್ತಿದ್ದರು. ಹೊಸ ಹುಡುಗರು ಬಾಗಿಲವರೆಗೂ ಸಾಲು ನಿಂತಿದ್ದರು. ಭಾವ ಪ್ಯಾಂಟು ಮೇಲೆತ್ತಿದರು. ಬಲಗಾಲಿಗೆ ಪಟ್ಟಿ.

"ಇವತ್ಯಾಕೆ ಭಾವ ಇದು?" ಎಂದು ಪಿಸುಗುಟ್ಟಿದೆ.

ಅವರೂ ಆಗಲೇ ನೋಡಿದ್ದು. "ಅಭ್ಯಾಸ," ಎಂದರು.

ಡಾಕ್ಟರು ಬಂದವರೇ ಪಟ್ಟಿ ಬಿಚ್ಚಿ ಬಲಗಾಲನ್ನು ಮಡಚಿದರು, ತಿರುಚಿದರು, ತೃಪ್ತಿಪಟ್ಟರು. ಆಮೇಲೆ ಶಾಸ್ತ್ರಕ್ಕೆಂಬಂತೆ ಎಡ ಮೊಣಕಾಲಿಗೆ ಹೆಬ್ಬೆರಳು ಒತ್ತಿದರು. ಭಾವನ ಕಾಲ್ಬೆರಳು ಮುದುಡಿದ್ದು ನನಗೆ ಕಂಡಿತು.

"ಇಲ್ಲಿ ನೋವಿದೆಯೇನಪ್ಪಾ?"

"ಏನೂ ಇಲ್ಲ ಸರ್."

ನನಗೆ ತಡೆಯಲಾಗಲಿಲ್ಲ. "ಇದೆ ಸರ್. ಸುಳ್ಳು ಹೇಳ್ತಿದಾರೆ. ಮನೇಲಿ ಮೆಟ್ಟಿಲಿಳಿಯೋಕೂ ಆಗಲ್ಲ ಇವರಿಗೆ."

ಮ್ಯಾನೇಜರು ತಲೆ ಎತ್ತಿದರು. "ಇವರ್ಯಾರು?"

"ನನ್ನ ಬಾಮೈದ," ಎಂದರು ಭಾವ, ತಪ್ಪು ಮಾಡಿದವರ ಹಾಗೆ.

ಡಾಕ್ಟರು ಒಳ್ಳೆಯವರು, ಮತ್ತೊಮ್ಮೆ ಒತ್ತಿದರು, ಇನ್ನೂ ಜೋರಾಗಿ. "ನೀನು ಹೇಳಪ್ಪ. ನೋವಿದೆಯಾ?"

ಭಾವ ಮ್ಯಾನೇಜರ ಕಡೆ ನೋಡಿದರು, ಬಾಗಿಲಲ್ಲಿ ನಿಂತ ಹುಡುಗರ ಕಡೆ ನೋಡಿದರು. ಹಣೆಯ ಮೇಲೆ ಬೆವರು ಮೂಡಿತ್ತು. ಅವರು ಬಾಯಿ ತೆರೆದಾಗ, ಹೇಳಿಯೇಬಿಟ್ಟರು ಎಂದುಕೊಂಡೆ.

"ಇಲ್ಲ ಸರ್. ಫಸ್ಟ್ ಕ್ಲಾಸಾಗಿದೆ."

ಡಾಕ್ಟರು ಸಹಿ ಹಾಕಿದರು. ಮ್ಯಾನೇಜರು ಎದ್ದು ಬಂದು ಭಾವನ ಬೆನ್ನು ತಟ್ಟಿ, "ಇನ್ನೆರಡು ವರ್ಷ ನಮ್ಮವನೇ," ಎಂದರು. ಆ ಗಳಿಗೆಯಲ್ಲಿ ನನಗೆ ಭಾವನ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ.

ಹೊರಗೆ ಬಂದು ಭಾವ ಎರಡೂ ಕೈಯಲ್ಲಿ ಎಡಗಾಲನ್ನು ಎತ್ತಿ ಕಾರಿನೊಳಗಿಟ್ಟುಕೊಂಡರು. ಅಕ್ಕ ನಮ್ಮಿಬ್ಬರ ಮುಖ ನೋಡಿದಳು. ಬಾಗಿಲು ಹಾಕಿಕೊಂಡ ಮೇಲೆ ಭಾವ ಮಾತಾಡಿದರು, ಡಾಕ್ಟರ ಎದುರು ಕುಳಿತವರಂತೆ ನಿಧಾನವಾಗಿ.

"ಎಡ ಮೊಣಕಾಲು ಕಣೆ, ಒಳಬದಿ. ನಡೆದ್ರೂ ನೋವು, ನಿಂತ್ರೂ ನೋವು. ರಾತ್ರಿ ಮಗ್ಗಲು ಬದಲಿಸಿದ್ರೂ ಜೀವ ಹೋಗುತ್ತೆ."

"ಅದನ್ನ ನನಗ್ಯಾಕೆ ಹೇಳ್ತೀರಾ ರೀ," ಎಂದು ಅಕ್ಕ ಅತ್ತಳು.