ಸವಾಲು ಕೂಗುವವರ ಗಂಟಲು

೧೯೭೫ರಲ್ಲಿ ನಾನು ಬೈಲಹೊಂಗಲದ ಸಣ್ಣ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದೆ. ಹರ್ನಿಯಾ, ಅಪೆಂಡಿಕ್ಸ್‌ಗಳೇ ಹೆಚ್ಚು. ರೋಗಿಗೆ ವಿವರಿಸಿ ಹೇಳುವ ರೂಢಿ ಆಗ ಇರಲಿಲ್ಲವೆಂದೇ ಹೇಳಬೇಕು. ಮನೆಯ ಹಿರಿಯರು ಸಹಿ ಹಾಕುತ್ತಿದ್ದರು, ರೋಗಿ ಮೇಜಿನ ಮೇಲೆ ಮಲಗುತ್ತಿದ್ದ. ಪ್ರಶ್ನೆ ಕೇಳುವ ರೋಗಿಗಳೆಂದರೆ ನನಗೂ ಅಷ್ಟಕ್ಕಷ್ಟೇ.

ಆ ಚಳಿಗಾಲದಲ್ಲಿ ಮುರಗೋಡದ ರುದ್ರಪ್ಪ ಬಂದರು. ಪೇಟೆಯಲ್ಲಿ ಹತ್ತಿಯ ಸವಾಲು, ಅಂದರೆ ಹರಾಜು, ಕೂಗುವ ಕೆಲಸ ಅವರದು. ವ್ಯಾಪಾರಿಗಳು ಏರಿಸುವ ದರವನ್ನು ರಾಶಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಬೇಕು. ಅವರ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಬೆಳೆದು ಶ್ವಾಸನಾಳವನ್ನು ಒತ್ತುತ್ತಿತ್ತು. ತೆಗೆಯದೆ ಗತಿಯಿರಲಿಲ್ಲ.

ಆದರೆ ಥೈರಾಯ್ಡ್ ಗ್ರಂಥಿಯ ಹಿಂದೆಯೇ ದನಿಪೆಟ್ಟಿಗೆಯ ನರ ಹಾದುಹೋಗುತ್ತದೆ, ದಾರದಷ್ಟು ತೆಳ್ಳಗೆ. ಅದಕ್ಕೆ ಪೆಟ್ಟಾದರೆ ದನಿ ಗೊಗ್ಗರಾಗುತ್ತದೆ, ಕೆಲವೊಮ್ಮೆ ಜೀವನಪೂರ್ತಿ. ಮನೆಯ ಹಿರಿಯರೆಂದು ಜೊತೆಗೆ ಬಂದಿದ್ದ ರುದ್ರಪ್ಪನವರ ಅಣ್ಣ ಸಂಗಪ್ಪನವರಿಗೆ ಇದನ್ನು ಹೇಳಿದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಇದನ್ನೆಲ್ಲ ಅವಂಗ ಹೇಳಬ್ಯಾಡ್ರಿ ಸಾಹೇಬ್ರ, ಹೆದರತಾನ. ಸಹಿ ನಾ ಮಾಡತೇನಿ."

ಹೇಳದೆ ಉಪಾಯವಿರಲಿಲ್ಲ. ನಮ್ಮಲ್ಲಿ ಅರಿವಳಿಕೆ ತಜ್ಞರಿರಲಿಲ್ಲ. ಲೋಕಲ್ ಅನೆಸ್ಥೇಷಿಯಾ ಕೊಟ್ಟು, ಎಚ್ಚರವಿರುವ ರೋಗಿಯನ್ನು ಮಾತಾಡಿಸುತ್ತಲೇ ಕೊಯ್ಯಬೇಕು. ದನಿ ಬದಲಾದರೆ ಕೈ ನಿಲ್ಲಿಸಬೇಕು. ಹಾಗಾಗಿ ಚಿತ್ರ ಬರೆದು ರುದ್ರಪ್ಪನವರಿಗೆ ಎಲ್ಲವನ್ನೂ ತಿಳಿಸಿದೆ. ಚಿತ್ರವನ್ನು ತುಸು ಹೊತ್ತು ನೋಡಿ ಅವರು ಕೇಳಿದ್ದು ಒಂದೇ ಮಾತು.

"ಮಾತಾಡೂ ಬದಲಿ ಸವಾಲ ಕೂಗಿದ್ರ ನಡೀತೈತೇನ್ರಿ?"

"ಮೆಲ್ಲಕ ಕೂಗ್ರಿ" ಅಂದೆ.

ಮರುದಿನ ಆಪರೇಷನ್ ಶುರುವಾಯಿತು. ಹೊದಿಕೆಯ ಕೆಳಗಿನಿಂದ ರುದ್ರಪ್ಪ ಅಲ್ಲಿಲ್ಲದ ಹತ್ತಿಗೆ ದರ ಏರಿಸುತ್ತಾ ಹೋದರು. ನರ್ಸ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು. ಗಂಟಿನ ಬಹುಭಾಗ ಸಲೀಸಾಗಿ ಹೊರಬಂತು. ನರಕ್ಕೆ ಅಂಟಿಕೊಂಡಿದ್ದ ಒಂದು ಚೂರು ಮಾತ್ರ ಉಳಿಯಿತು. ಕೈಗೆತ್ತಿಕೊಂಡದ್ದನ್ನು ಪೂರ್ತಿ ಮುಗಿಸಬೇಕೆಂಬ ಹಟ ನನಗೆ.

"ಇನ್ನೊಂದ ಚೂರ ಉಳದೈತ್ರಿ. ನರಕ್ಕ ಅಂಟೈತಿ. ಬಿಟ್ರ ಮುಂದ ಬೆಳದೀತು. ತೆಗೀತೇನಿ" ಅಂದೆ.

"ಒಂದ ಸಲ... ಎರಡ ಸಲ..." ಎಂದವರು ಸುಮ್ಮನಾದರು.

ಚೂರನ್ನು ಇನ್ನೂ ಮುಟ್ಟಿರಲಿಲ್ಲ, ಆದರೂ ನರ ಹೋಯಿತೆಂದೇ ಭಾವಿಸಿದೆ. "ರುದ್ರಪ್ಪನವರ, ಮಾತಾಡ್ರಿ!" ನರ್ಸ್ ಬಗ್ಗಿ ನೋಡಿ, ಕಣ್ಣು ಬಿಟ್ಟುಕೊಂಡೇ ಇದ್ದಾರೆ ಎಂದರು. ಕೈ ಎತ್ತಿ ಹಿಡಿದು ಹಾಗೇ ನಿಂತೆ. ಕೊನೆಗೆ ದನಿ ಬಂತು, ಮೊದಲಿನಷ್ಟೇ ಸ್ವಚ್ಛವಾಗಿ.

"ಎರಡನೇದಕ್ಕ ನಿಂದರಬೇಕ್ರಿ. ಮಾಲಿನ ಮಾಲಕ ಹೂಂ ಅಂದ್ರನ ಮೂರನೇ ಸಲ ಕೂಗೂದು. ಅಲ್ಲೀತನಾ ಬಾಯಿ ತಗಿಯೂ ಹಂಗಿಲ್ಲ. ಇಲ್ಲಿ ಮಾಲಕನೂ ನಾನ. ವಿಚಾರ ಮಾಡಾಕ ಹತ್ತಿದ್ನಿ."

"ಏನ್ ವಿಚಾರ ಮಾಡಿದ್ರಿ?"

"ಆ ಚೂರ ಇರ್ಲಿ ಬಿಡ್ರಿ. ಈ ದರಕ್ಕ ನಾ ಕೊಡಾಂಗಿಲ್ಲ."

ನನಗೆ ಸಿಟ್ಟೇ ಬಂತು. ಮೇಜಿನ ಮೇಲೆ ಮಲಗಿದವರೊಬ್ಬರು ನನಗೆ ಬೇಡ ಎಂದದ್ದು ಅದೇ ಮೊದಲು. ಆದರೆ ಗಂಡಾಂತರವನ್ನು ಬಿಡಿಸಿ ಹೇಳಿದವನೂ ನಾನೇ. ಅವರು ಅದನ್ನು ತೂಗಿ ನೋಡಿ ಉತ್ತರ ಕೊಟ್ಟಿದ್ದರು. ಚೂರನ್ನು ಅಲ್ಲೇ ಬಿಟ್ಟು ಹೊಲಿಗೆ ಹಾಕಿದೆ.

ಗಾಯ ಮಾಯ್ದ ಮೇಲೆ ಅಣ್ಣತಮ್ಮಂದಿರು ತೋರಿಸಲು ಬಂದರು. ಸಂಗಪ್ಪ ತಮ್ಮನ ಕುತ್ತಿಗೆ ಒತ್ತಿ ನೋಡಿ, "ಪೂರಾ ತಗದೇ ಇಲ್ಲಲ್ರಿ ಸಾಹೇಬ್ರ!" ಎಂದು ತಕರಾರು ತೆಗೆದರು.

"ನಾನ ಬ್ಯಾಡಂದೆ, ಅಣ್ಣಾ!"

ಹೊರಗೆ ಬೆಂಚಿನ ಮೇಲೆ ಕುಳಿತಿದ್ದವರೆಲ್ಲ ಎದ್ದು ಒಳಗೆ ಇಣುಕಿದರು. ಅಂಥ ದನಿ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಹಟವೇ ನಡೆದಿದ್ದರೆ ಆ ದನಿ ಉಳಿಯುತ್ತಿತ್ತೋ ಇಲ್ಲವೋ, ಇಂದಿಗೂ ಹೇಳಲಾರೆ. ಅಂದಿನಿಂದ, ಯಾರ ಮೈಗೆ ಕತ್ತರಿ ತಾಗಬೇಕೋ ಅವರನ್ನೇ ಕೂರಿಸಿಕೊಂಡು ಎಲ್ಲವನ್ನೂ ಹೇಳುತ್ತ ಬಂದೆ. ಹೇಳಿದ ಮೇಲೆ ಅವರ ಉತ್ತರಕ್ಕೆ ಬಾಯಿ ಮುಚ್ಚಿಕೊಂಡು ಕಾಯುವುದು ಮಾತ್ರ ಆಪರೇಷನ್‌ಗಿಂತ ಕಷ್ಟವೆನಿಸಿತು.