ಮೂರನೇ ನಂಬರ್ ಐರನ್ನು, ಭಾವಮೈದನ ಹೈಬ್ರಿಡ್ಡು

ನನ್ನ ಹೆಂಡತಿಯ ತಮ್ಮನಿಗೂ ನನಗೂ ಆರು ವರ್ಷ ಮಾತಿರಲಿಲ್ಲ. ಮಾತು ಬಿಟ್ಟವನು ನಾನು. ಅವನ ಮಗಳ ಮದುವೆ ಮದ್ದೂರಿನ ಒಂದು ಛತ್ರದಲ್ಲಿ ನಡೆಯಿತು. ನಾನು ಆ ಮನೆಯ ಹಿರಿಯ ಅಳಿಯ. ಎರಡು ಪಂಕ್ತಿ ಉಂಡು ಎದ್ದರೂ ನನ್ನನ್ನು ಊಟಕ್ಕೆ ಕರೆಯಲು ಒಬ್ಬನೂ ಬರಲಿಲ್ಲ. ನಮ್ಮ ಕಡೆ ಅಳಿಯನಾದವನು ತಾನಾಗಿ ಹೋಗಿ ಎಲೆಯ ಮುಂದೆ ಕೂರುವುದಿಲ್ಲ. ಮನೆಯವರು ಬಂದು ‘ಏಳಿ, ಊಟಕ್ಕೆ’ ಅನ್ನಬೇಕು. ನಾನು ಎದ್ದೆ, ಚಪ್ಪಲಿ ಮೆಟ್ಟಿದೆ, ಬಸ್‌ಸ್ಟ್ಯಾಂಡಿಗೆ ನಡೆದೆ. ಅಲ್ಲಿ ಎರಡು ವಡೆ ತಿಂದು ಮಂಡ್ಯದ ಬಸ್ಸು ಹತ್ತಿದೆ. ಮಾರನೇ ದಿನ ಹೆಂಡತಿ ಬಂದಾಗ, ‘ನಿಮ್ಮ ತವರಿನವರು ನನ್ನನ್ನು ಉಪವಾಸ ಕಳಿಸಿದರು’ ಎಂದೆ. ವಡೆಯ ವಿಷಯ ಹೇಳುವ ಅಗತ್ಯ ಕಾಣಲಿಲ್ಲ.

ಆಮೇಲೆ ಅವಳು ತವರೂರು ಬೆಸಗರಹಳ್ಳಿಗೆ ಹೋಗುವುದನ್ನು ನಿಲ್ಲಿಸಿದಳು. ಹೋಗಬೇಡ ಎಂದು ನಾನು ಅಂದವನಲ್ಲ. ಹೋಗು ಎಂದೂ ಅನ್ನಲಿಲ್ಲ.

ಮಾತು ಮತ್ತೆ ಶುರುವಾದದ್ದು ಗಾಲ್ಫಿನಿಂದ. ಮಂಡ್ಯದವನಿಗೆ ಗಾಲ್ಫ್ ಎಲ್ಲಿಂದ ಅಂಟಿತು ಎಂದು ಜನ ಕೇಳುತ್ತಾರೆ. ಬ್ಲಫ್ ಎಂಬ ಊರಿನಿಂದ ಅಂಟಿತು. ನಾನು ಅಲ್ಲಿ ವಿದ್ಯುತ್ ಕೇಂದ್ರದ ಕೆಲಸದಲ್ಲಿದ್ದಾಗ ಮೇಲಧಿಕಾರಿಯೊಬ್ಬರು ಸಂಜೆ ಕ್ವಾರ್ಟರ್ಸಿನ ಎದುರಿನ ಬಯಲಲ್ಲಿ ಒಬ್ಬರೇ ಚೆಂಡು ಹೊಡೆಯುತ್ತಿದ್ದರು. ಚೆಂಡು ಹುಡುಕಿಕೊಡಲು ನಾನು ಜೊತೆಯಾದೆ. ವರ್ಗವಾಗಿ ಹೋಗುವಾಗ ನನಗೊಂದು ಕೋಲು ಕೊಟ್ಟರು. ಅದು ಮೂರನೇ ನಂಬರ್ ಐರನ್ನು. ಉದ್ದನೆಯ ಕೋಲಿನ ತುದಿಗೆ ಕುಡುಗೋಲಿನಷ್ಟು ತೆಳ್ಳಗಿನ ಕಬ್ಬಿಣ, ಸೆಟೆದು ನಿಂತ ಮುಖ. ‘ಇದನ್ನು ಹೊಡೆಯೋದು ಕಲಿತುಬಿಡಪ್ಪ, ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ’ ಎಂದರು. ಅಂದಿನಿಂದ ಇದನ್ನೇ ಕಲಿಯುತ್ತಿದ್ದೇನೆ. ಮಿಕ್ಕಿದ್ದು ಇನ್ನೂ ಬಂದಿಲ್ಲ.

ನಿವೃತ್ತಿಯಾದ ಮೇಲೆ ಭಾನುವಾರ ಭಾನುವಾರ ಮೈಸೂರಿಗೆ ಹೋಗಿ ಆಡತೊಡಗಿದೆ. ಒಂದು ದಿನ ಎಲ್ಲಿಂದಲೋ ಬಂದ ಚೆಂಡು ನನ್ನ ಕಾಲ ಬಳಿ ಬಿತ್ತು. ಹಿಂದೆಯೇ ಮರದ ಮರೆಯಿಂದ ಬಂದವನು ನನ್ನ ಭಾವಮೈದ. ಅವನು ಮದ್ದೂರಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಅವನ ಹಳೆಯ ಶಿಷ್ಯನೊಬ್ಬ ಆ ಮೈದಾನದಲ್ಲಿ ಕೆಲಸಕ್ಕಿದ್ದು, ಆಟ ಹತ್ತಿಸಿದ್ದನಂತೆ.

‘ಚೆಂಡು ನಿಮ್ದಾ ಭಾವ?’ ಎಂದ.

‘ನಂದಲ್ಲ ಕಣ್ಲಾ. ನಿಂದೇ ಇರ್ಬೇಕು.’

‘ಔದು, ನಂದೇಯ.’

ರಾಜಿ ಇಷ್ಟರಲ್ಲೇ ಮುಗಿಯಿತು. ಮದುವೆಯ ಮಾತು ಇಬ್ಬರೂ ಎತ್ತಲಿಲ್ಲ. ಮುಂದಿನ ಭಾನುವಾರದಿಂದ ಅವನು ಬೆಳಿಗ್ಗೆ ಮಂಡ್ಯದ ನಮ್ಮ ಮನೆಗೆ ಬರುವುದು, ತಿಂಡಿ ತಿನ್ನುವುದು, ಇಬ್ಬರೂ ನನ್ನ ಕಾರಿನಲ್ಲಿ ಮೈಸೂರಿಗೆ ಹೋಗುವುದು ಎಂದಾಯಿತು. ಬರುವಾಗ ಚೀಲದಲ್ಲಿ ಸೊಪ್ಪು, ಎಳನೀರು, ಒಮ್ಮೊಮ್ಮೆ ಹಸುವಿನ ಗಿಣ್ಣು. ನನ್ನ ಹೆಂಡತಿ ಶನಿವಾರದಿಂದಲೇ ಅಕ್ಕಿಹಿಟ್ಟು ತಯಾರು ಮಾಡಿಟ್ಟುಕೊಳ್ಳುತ್ತಿದ್ದಳು. ಅವನು ರೊಟ್ಟಿ ತಿನ್ನುವಷ್ಟು ಹೊತ್ತು ಊರಿನ ಒಂದೊಂದು ಮನೆಯ ಸಮಾಚಾರವನ್ನೂ ಕೆದಕಿ ಕೆದಕಿ ಕೇಳುವಳು. ಆರು ವರ್ಷದ ತವರನ್ನು ಅವಳು ವಾರಕ್ಕೆ ಅರ್ಧ ಗಂಟೆಯಂತೆ ವಸೂಲಿ ಮಾಡುತ್ತಿದ್ದಳು. ಅವಳ ಮುಖ ನೋಡಿದಾಗ ನನಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಹೀಗೆ ಮೂರು ವರ್ಷ ನಡೆಯಿತು. ತಕರಾರು ಬಂದದ್ದು ಆ ಐರನ್ನಿನಿಂದ. ಮೈಸೂರಿನ ಮೈದಾನದಲ್ಲಿ ಒಂದು ಕಡೆ ಕೊಳ ದಾಟಿಸಿ ಹೊಡೆಯಬೇಕು. ವರ್ಷಕ್ಕೊಮ್ಮೆ ಅಲ್ಲಿ ಜೋಡಿ ಪಂದ್ಯ. ಹೋದ ವರ್ಷ ನಾವಿಬ್ಬರೂ ಗೆಲ್ಲುವಂತಿದ್ದೆವು. ನಾನು ಮೂರನೇ ನಂಬರ್ ಐರನ್ನು ತೆಗೆದು ಒಂದಾದ ಮೇಲೊಂದು ಮೂರು ಚೆಂಡು ಕೊಳಕ್ಕೆ ಹಾಕಿದೆ. ಮುಂದಿನ ವಾರ ಭಾವಮೈದ ನನಗೊಂದು ಹೈಬ್ರಿಡ್ ಕೋಲು ತಂದುಕೊಟ್ಟ. ಇದರ ಮುಖ ಐರನ್ನಿನದೇ, ಹಿಂದೆ ಮಾತ್ರ ದುಂಡನೆಯ ಹೊಟ್ಟೆ. ಏಟು ಸ್ವಲ್ಪ ಆಚೀಚೆ ಬಿದ್ದರೂ ಚೆಂಡನ್ನು ಎತ್ತಿ ದಾಟಿಸುತ್ತದೆ. ವಯಸ್ಸಾದವರಿಗೆ ಒಳ್ಳೆಯದು ಎಂದು ಅಂಗಡಿಯವನು ಹೇಳಿದ್ದನಂತೆ. ಇವನು ಅದನ್ನೂ ನನಗೆ ಹೇಳಿದ. ನಾನು ಅದರ ಪ್ಲಾಸ್ಟಿಕ್ ಕವರು ಸಹ ಬಿಚ್ಚಲಿಲ್ಲ.

ಈ ಸಲದ ದಸರೆಗೆ ಮುಂಚೆ ಅವನು ಕಡ್ಡಿ ಮುರಿದಂತೆ ಹೇಳಿದ. ‘ನೋಡಿ ಭಾವ, ಈ ಸಲನೂವೆ ಆ ಐರನ್ನೇ ತಂದ್ರೆ ನಾನು ಜೊತೆಗೆ ಬರಾಕಿಲ್ಲ. ಬ್ಯಾರೆ ಯಾರ್ನಾದ್ರೂ ನೋಡ್ಕಳಿ.’

ಒಲೆಯ ಮುಂದಿದ್ದ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಅವಳ ಕಣ್ಣಿಗೆ ಕಂಡದ್ದು ಪಂದ್ಯವಲ್ಲ, ಅವನು ಬಾರದ ಭಾನುವಾರ. ‘ಒಂದು ಕೆಲ್ಸ ಮಾಡಿ. ಹಬ್ಬದ ಮಾರ್ನೇ ದಿನ ಊರಲ್ಲಿ ಎರಡರಲ್ಲೂ ಹೊಡೆದು ನೋಡಿ. ಯಾವುದು ಚೆನ್ನಾಗಿ ಹೋಯ್ತದೋ ಅದು’ ಎಂದಳು. ಒಪ್ಪಿದೆ. ನನ್ನ ಐರನ್ನಿನ ಮೇಲೆ ನನಗೆ ನಂಬಿಕೆಯಿತ್ತು.

ಆಯುಧಪೂಜೆಯ ದಿನ ಅವಳು ಕಾರು, ಮಿಕ್ಸಿ, ಈಳಿಗೆಮಣೆಗಳ ಜೊತೆ ನನ್ನ ಕೋಲುಗಳನ್ನೂ ಗೋಡೆಗೆ ಒರಗಿಸಿ ಪೂಜೆ ಮಾಡಿದಳು. ಹೈಬ್ರಿಡ್ಡಿನ ಪ್ಲಾಸ್ಟಿಕ್ಕನ್ನು ಅವಳೇ ಕಿತ್ತೆಸೆದಳು. ಪ್ರತಿಯೊಂದರ ಮುಖಕ್ಕೂ ನೀರಲ್ಲಿ ಕಲಸಿದ ವಿಭೂತಿ ದಟ್ಟವಾಗಿ ಬಳಿದು, ನಟ್ಟನಡುವೆ ಕುಂಕುಮವಿಟ್ಟಳು. ಅದು ಒಣಗಿ ಸುಣ್ಣದಂತೆ ಕಚ್ಚಿಕೊಂಡಿತು.

ಮಾರನೇ ದಿನ ಬೆಸಗರಹಳ್ಳಿಯ ಒಂದು ಬೀಳು ಹೊಲದಲ್ಲಿ ನಿಂತೆವು. ಹೆಂಡತಿ ಬದುವಿನ ಮೇಲೆ ಕೂತಳು. ಐರನ್ನಿನಲ್ಲಿ ಹತ್ತು ಚೆಂಡು ಹೊಡೆದೆ. ಒಂದು ಹೇಗೋ ನೇರ ಹೋಯಿತು. ಒಂಬತ್ತು ಹೋದ ಕಡೆ ಭಾವಮೈದ ಹುಡುಕಲು ಹೋಗಬೇಕಾಯಿತು. ಹೈಬ್ರಿಡ್ಡಿನಲ್ಲಿ ಹತ್ತು ಹೊಡೆದೆ. ಎಂಟು ಎದ್ದು ಹಾರಿ, ಎದುರಿನ ಬೇವಿನ ಮರ ದಾಟಿದವು.

‘ಮೊದ್ಲು ಎದುರು ಗಾಳಿ ಇತ್ತು’ ಎಂದೆ.

‘ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ’ ಎನ್ನುತ್ತ ಹೆಂಡತಿ ಎದ್ದು ಬಂದು ಎರಡು ಕೋಲನ್ನೂ ತಿರುಗಿಸಿ ನೋಡಿದಳು. ಹೈಬ್ರಿಡ್ಡಿನ ಮುಖದಲ್ಲಿ ಕುಂಕುಮ ವಿಭೂತಿ ಎರಡೂ ಉಜ್ಜಿಹೋಗಿದ್ದವು. ಐರನ್ನಿನಲ್ಲಿ ತುದಿಯ ಮೂಲೆಯೊಂದು ಬಿಟ್ಟು ವಿಭೂತಿ ಹಾಗೇ ಇತ್ತು. ‘ಏನ್ರೀ ಇದು! ನಾನಿಟ್ಟ ಕುಂಕುಮ ಇಟ್ಟಂಗೇ ಐತಲ್ಲ. ಹತ್ರಲ್ಲಿ ಒಂದೇಟೂ ನಡೂಕೆ ಬಿದ್ದಿಲ್ವಾ?’

ಭಾವಮೈದ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕುಬಿಡುತ್ತಿದ್ದೆನೇನೋ. ‘ಬುಡಿ ಭಾವ, ನಾನು ಏಳ್ಕೊಡ್ತೀನಿ’ ಎಂದ. ನನಗೆ ಪಿತ್ತ ನೆತ್ತಿಗೇರಿತು.

‘ಮನೆ ಅಳಿಯನ್ನ ಊಟಕ್ಕೆ ಕರಿಯಾಕೆ ಬರ್ದೋನು, ಉಪವಾಸ ಕಳಿಸಿದೋನು, ನೀನು ನಂಗೆ ಹೇಳ್ಕೊಡ್ತೀಯೇನ್ಲಾ?’

ಒಂಬತ್ತು ವರ್ಷ ಮುಚ್ಚಿಟ್ಟದ್ದು ಬಾಯಿಗೆ ಬಂದುಬಿಟ್ಟಿತು. ಅವನು ಏನೋ ಹೇಳಲು ಬಾಯಿ ತೆರೆದ. ಅಕ್ಕನ ಮುಖ ನೋಡಿದ. ಬಾಯಿ ಮುಚ್ಚಿಕೊಂಡು, ಚೆಂಡುಗಳನ್ನು ಆರಿಸಿ ಚೀಲಕ್ಕೆ ತುಂಬಿ, ಹೊಲ ದಾಟಿ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮುತ್ತಿರಲಿಲ್ಲ. ಮಾತು ಹೋಯಿತು.

ಭಾನುವಾರ ಅವನು ಬರಲಿಲ್ಲ. ಹೆಂಡತಿ ಮೂವರಿಗಾಗುವಷ್ಟು ರೊಟ್ಟಿ ತಟ್ಟಿ ಮೂರು ತಟ್ಟೆ ಇಟ್ಟಳು. ನನ್ನನ್ನು ಬೈಯಲಿಲ್ಲ. ಹತ್ತು ಗಂಟೆಗೆ ಮೂರನೇ ತಟ್ಟೆಯನ್ನು ತೊಳೆಯದೆ ಹಾಗೇ ಎತ್ತಿಟ್ಟಳು. ಅದನ್ನು ನೋಡಲಾಗದೆ ನಾನು ಹೊರಗೆ ಹೋಗಿ ಕಾರು ಒರೆಸಿದೆ. ಕಾರು ಕ್ಲೀನಾಗಿಯೇ ಇತ್ತು.

ಅದರ ಮುಂದಿನ ಭಾನುವಾರ ‘ಹೊರಡು’ ಎಂದೆ. ಅವಳು ಸೀರೆ ಬದಲಾಯಿಸಿ ಬಂದು ಕಾರಿನಲ್ಲಿ ಕೂತಳು. ಮೈಸೂರಿನ ಕಡೆ ತಿರುಗುವ ಕಾರು ಮದ್ದೂರಿನ ಕಡೆ ತಿರುಗಿತು. ಐರನ್ನನ್ನು ದೇವರ ಮನೆಯಲ್ಲಿ ಇಟ್ಟು ಬಂದಿದ್ದೆ. ತಂದದ್ದು ಹೈಬ್ರಿಡ್ಡನ್ನು ಮಾತ್ರ.

ಬೆಸಗರಹಳ್ಳಿ ತಲುಪುವಾಗ ಊಟದ ಹೊತ್ತಾಗಿತ್ತು. ಹೆಂಡತಿ ಸೀದಾ ಅಡುಗೆಮನೆಗೆ ಹೋದಳು. ಭಾವಮೈದ ಹಿತ್ತಲಲ್ಲಿದ್ದಾನೆ, ಕೈಕಾಲು ತೊಳೆದು ಬರುತ್ತಾನೆ ಎಂದರು. ನಾನು ಕೋಲನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತೆ. ಒಳಗೆ ತಟ್ಟೆ ಇಟ್ಟ ಸದ್ದಾಯಿತು. ಬಸ್ಸಾರಿನ ವಾಸನೆ ಬಂತು. ಯಾರೂ ಕರೆಯಲಿಲ್ಲ. ಐದು ನಿಮಿಷ. ಹತ್ತು ನಿಮಿಷ. ನನಗೇ ತಿಳಿಯದಂತೆ ಎದ್ದು ನಿಂತಿದ್ದೆ, ಒಂದು ಕಾಲು ಚಪ್ಪಲಿಯೊಳಗೆ ಹೋಗಿತ್ತು. ಹೋದ ಭಾನುವಾರ ಎತ್ತಿಟ್ಟ ಆ ಮೂರನೇ ತಟ್ಟೆ ಕಣ್ಣ ಮುಂದೆ ಬಂತು. ಕಾಲು ಹಿಂದಕ್ಕೆ ತೆಗೆದೆ, ಒಳಗೆ ಹೋದೆ, ಖಾಲಿಯಿದ್ದ ತಟ್ಟೆಯ ಮುಂದೆ ಕೂತೆ.

‘ನಂಗೂ ಒಂದು ಮುದ್ದೆ ಹಾಕವ್ವ’ ಎಂದೆ ಭಾವಮೈದನ ಹೆಂಡತಿಗೆ.

ಅದೇ ಹೊತ್ತಿಗೆ ಅವನು ಕೈಯಲ್ಲಿ ನೀರಿನ ಚೊಂಬು ಹಿಡಿದು ಹಿತ್ತಲ ಬಾಗಿಲಿಂದ ಬಂದ. ‘ಕರಿಯಾಕೇ ಬತ್ತಿದ್ದೆ ಭಾವ.’

‘ಗೊತ್ತು ಕಣ್ಲಾ. ಅವತ್ತೂ ಬತ್ತಿದ್ದೆ ಅನ್ಸುತ್ತೆ.’

ತಟ್ಟೆಗೆ ಮುದ್ದೆ ಬಂತು. ಅವನು ಚೊಂಬನ್ನು ನನ್ನ ಪಕ್ಕ ಇಟ್ಟ. ‘ಬಂದಿದ್ದೆ ಭಾವ. ಬಸ್‌ಸ್ಟ್ಯಾಂಡ್ ಗಂಟ ಓಡ್ ಬಂದಿದ್ದೆ. ನಿಮ್ ಮಕ ನೋಡಿ ಮಾತಾಡ್ಸಾಕೆ ಎದ್ರಿಕೆ ಆಯ್ತು. ತಿನ್ನಾದು ಮುಗೀಲಿ ಅಂತ ನಿಂತ್ಕಂಡೆ. ಅಷ್ಟ್ರಲ್ಲಿ ಬಸ್ ಬಂದ್ಬುಡ್ತು.’

ನನ್ನ ಬೆರಳು ಮುದ್ದೆಯಲ್ಲೇ ನಿಂತಿತು. ಒಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಆವತ್ತು ಹೊಲದಲ್ಲಿ ಅಕ್ಕನ ಮುಂದೆಯೂ ನುಂಗಿಕೊಂಡಿದ್ದ.

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಸಾರಿನ ಸೌಟು ಹಿಡಿದು ನಿಂತಿದ್ದಳು.

‘ಏನ್ ತಿಂತಿದ್ರಲಾ?’ ಎಂದು ತಮ್ಮನನ್ನು ಕೇಳಿದಳು.

ಅವನು ನನ್ನನ್ನು ನೋಡಿದ. ಹೇಳು ಎಂದು ತಲೆಯಾಡಿಸಿದೆ.

‘ವಡೆ ಕಣಕ್ಕ’ ಎಂದ. ‘ಎಲ್ಡು.’